ಮಗುವಿನ ಅಲರ್ಜಿ: ಮನೆಯನ್ನು ಹಾಸಿಗೆಯಿಂದ ಹಸನು ಮಾಡುತ್ತ ಬನ್ನಿ

ನನ್ನ ಮಗಳಿಗೆ ಬೆಳಗಿನ ಐದೂವರೆಗೆ ಸೀನು ಹತ್ತಿಕೊಳ್ಳುತ್ತಿತ್ತು. ಒಂದರ ಹಿಂದೊಂದು ಹತ್ತು, ಹನ್ನೆರಡು. ಆಮೇಲೆ ಮೂಗು ಸೋರುವುದು, ಕಣ್ಣು ತಿಕ್ಕಿಕೊಳ್ಳುವುದು. ಮಳೆಗಾಲದ ಕೆಲವು ರಾತ್ರಿ ಎದೆಯಲ್ಲಿ ಸುಯ್ ಎನ್ನುವ ಸದ್ದು. ದಾವಣಗೆರೆಯಲ್ಲಿ ಇರುವವರು ಇದಕ್ಕೆ ಕಾರಣ ಹುಡುಕಲು ದೂರ ಹೋಗಬೇಕಿಲ್ಲ. ಮಂಡಕ್ಕಿ ಭಟ್ಟಿಯ ಹೊಗೆ ಇದೆ, ಅಕ್ಕಿ ಗಿರಣಿಯ ಧೂಳಿದೆ, ಅಗೆದು ಬಿಟ್ಟ ರಸ್ತೆಗಳಿವೆ. ನಾವೂ ಎರಡು ವರ್ಷ ಊರನ್ನೇ ದೂರಿದೆವು. ಕಿಟಕಿ ಮುಚ್ಚಿದೆವು, ಮೊಸರು ಬಿಡಿಸಿದೆವು, ಬಾಳೆಹಣ್ಣು ಬಿಡಿಸಿದೆವು. ಸೀನು ಮಾತ್ರ ಬಿಡಲಿಲ್ಲ.

ಒಂದು ಮುಂಜಾನೆ ನಮ್ಮ ಅತ್ತೆ ಕೌದಿ ಮಡಚುತ್ತಿದ್ದರು. ಪೂರ್ವದ ಕಿಟಕಿಯಿಂದ ಒಂದು ಕೋಲು ಬಿಸಿಲು ಮಂಚದ ಮೇಲೆ ಬಿದ್ದಿತ್ತು. ಅವರು ಕೌದಿಯನ್ನು ಒಮ್ಮೆ ಜಾಡಿಸಿದ್ದೇ ತಡ, ಆ ಬಿಸಿಲಿನ ಕೋಲು ಹಾಲು ಬೆರೆಸಿದಂತೆ ಬೆಳ್ಳಗಾಯಿತು. ಮಗಳು ಅದರ ಕೆಳಗೇ ಕೂತು ಆಕಳಿಸುತ್ತಿದ್ದಳು. ಒಂದು ನಿಮಿಷವೂ ಆಗಿರಲಿಲ್ಲ, ಸೀನು ಶುರುವಾಯಿತು. ಹಳೆಯ ಸೀರೆಗಳನ್ನು ಪದರ ಪದರವಾಗಿ ಹೊಲಿದ, ಹತ್ತು ವರ್ಷ ಬಾಳಿದ ಕೌದಿ ಅದು. ಊರಿನ ಧೂಳಿಗೆ ನಾವು ಮಾಡುವುದು ಅಷ್ಟಕ್ಕಷ್ಟೇ. ಮಗು ದಿನಕ್ಕೆ ಹತ್ತು ಗಂಟೆ ಮುಖ ಹುದುಗಿಸಿ ಮಲಗುವ ಹಾಸಿಗೆ ನಮ್ಮ ಕೈಯಲ್ಲಿದೆ. ಅಲ್ಲಿಂದ ಆರಂಭಿಸಿ ಒಂದೊಂದಾಗಿ ಏನೇನು ಮಾಡಬೇಕು ಎಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ. ಇದು ಉಸಿರಿನ ಮೂಲಕ ಬರುವ ಅಲರ್ಜಿಯ ಮಾತು. ಶೇಂಗಾ, ಮೊಟ್ಟೆ, ಹಾಲಿನಂಥ ಆಹಾರದ ಅಲರ್ಜಿಯ ದಾರಿಯೇ ಬೇರೆ.

ಮೊದಲು: ಯಾವುದಕ್ಕೆ ಅಲರ್ಜಿ ಎಂದು ತಿಳಿಯಿರಿ

ಪೊರಕೆ ಹಿಡಿಯುವ ಮುಂಚೆ ಒಂದು ನೋಟ್‌ಬುಕ್ ಹಿಡಿಯಿರಿ. ಎರಡು ವಾರ, ದಿನಕ್ಕೆ ಎರಡು ಸಾಲು ಸಾಕು: ಸೀನು, ಕೆಮ್ಮು ಯಾವಾಗ ಬಂತು, ಮಗು ಆಗ ಎಲ್ಲಿತ್ತು, ಅದಕ್ಕೂ ಮುಂಚೆ ಮನೆಯಲ್ಲಿ ಏನು ನಡೆಯಿತು. ವರ್ಷವಿಡೀ, ಅದರಲ್ಲೂ ರಾತ್ರಿ ಮತ್ತು ಎದ್ದ ಕೂಡಲೇ ತೊಂದರೆ ಹೆಚ್ಚಿದ್ದರೆ ಹಾಸಿಗೆಯ ಮೇಲೆ ಅನುಮಾನ ಪಡಬೇಕು. ಮಳೆ ನಿಂತ ಮೇಲೆ, ಬಯಲಲ್ಲಿ ಆಡಿ ಬಂದಾಗ ಕಣ್ಣು ಕೆಂಪಾದರೆ ಪರಾಗ. ಗೋಡೆ ಒದ್ದೆಯಾದ ಕೋಣೆಯಲ್ಲಿ ಮಾತ್ರ ಕೆಮ್ಮಿದರೆ ಬೂಷ್ಟು.

ಆ ನೋಟ್‌ಬುಕ್ಕನ್ನು ವೈದ್ಯರಿಗೆ ತೋರಿಸಿ. ಚರ್ಮಕ್ಕೆ ಸಣ್ಣದಾಗಿ ಚುಚ್ಚಿ ನೋಡುವ ಪರೀಕ್ಷೆ ಇದೆ, ರಕ್ತಪರೀಕ್ಷೆಯೂ ಇದೆ. ಯಾವುದು ಬೇಕೆಂದು ಅವರೇ ಹೇಳುತ್ತಾರೆ. ಚರ್ಮದ ಪರೀಕ್ಷೆಗೆ ಹೋಗುವ ಮುಂಚೆ ಅಲರ್ಜಿಯ ಮಾತ್ರೆ, ಸಿರಪ್‌ಗಳನ್ನು ಕೆಲವು ದಿನ ನಿಲ್ಲಿಸಬೇಕಾಗುತ್ತದೆ, ಇಲ್ಲವಾದರೆ ಫಲಿತಾಂಶ ತಪ್ಪುತ್ತದೆ. ಎಷ್ಟು ದಿನ ಎಂಬುದನ್ನು ಅವರನ್ನೇ ಕೇಳಿ. ಎರಡು ವೈದ್ಯಕೀಯ ಕಾಲೇಜುಗಳಿರುವ ಊರು ನಮ್ಮದು. ಇದಕ್ಕಾಗಿ ಬೆಂಗಳೂರಿನ ಬಸ್ ಹತ್ತಬೇಕಿಲ್ಲ.

ಪರೀಕ್ಷೆಗೆ ಇಷ್ಟು ಒತ್ತು ಕೊಡಲು ಕಾರಣವಿದೆ. 2003ರಲ್ಲಿ ಪ್ರಕಟವಾದ, ಬ್ರಿಟನ್ನಿನಲ್ಲಿ ಆಸ್ತಮಾ ಇದ್ದ 1,100ಕ್ಕೂ ಹೆಚ್ಚು ವಯಸ್ಕರ ಮೇಲೆ ನಡೆದ ದೊಡ್ಡ ಅಧ್ಯಯನದಲ್ಲಿ, ಹಾಸಿಗೆಗೆ ವಿಶೇಷ ಕವರ್ ಹಾಕಿದ್ದೊಂದರಿಂದ ಏನೂ ಲಾಭವಾಗಲಿಲ್ಲ. ಮರುವರ್ಷ ಅಮೆರಿಕದ ಏಳು ನಗರಗಳ 937 ಮಕ್ಕಳ ಅಧ್ಯಯನ ಪ್ರಕಟವಾಯಿತು. ಅಲ್ಲಿ ಪ್ರತಿ ಮಗುವಿಗೆ ಯಾವುದಕ್ಕೆ ಅಲರ್ಜಿ ಎಂದು ಪರೀಕ್ಷಿಸಿ, ಸುಮಾರು ಅರ್ಧದಷ್ಟು ಮಕ್ಕಳ ಮನೆಗಳಲ್ಲಿ ಅದಕ್ಕೆ ತಕ್ಕಂತೆ ಹಾಸಿಗೆ, ಜಿರಳೆ, ಹೊಗೆ ಎಲ್ಲವನ್ನೂ ಒಟ್ಟಿಗೆ ಹಿಡಿದರು. ಆ ಮಕ್ಕಳಲ್ಲಿ ಎರಡು ವಾರಕ್ಕೆ ಸುಮಾರು 4.2 ದಿನ ಇರಬಹುದಾಗಿದ್ದ ತೊಂದರೆ 3.4 ದಿನಕ್ಕೆ ಇಳಿಯಿತು. ಪವಾಡವಲ್ಲ, ಆದರೆ ವರ್ಷಕ್ಕೆ ಲೆಕ್ಕ ಹಾಕಿದರೆ ಸುಮಾರು ಮೂರು ವಾರ ಮಗು ನೆಮ್ಮದಿಯಾಗಿ ಉಸಿರಾಡಿದಂತೆ. ಒಂದನ್ನು ಕೊಂಡು ತಂದು ಕೈತೊಳೆದುಕೊಂಡರೆ ಆಗುವುದಿಲ್ಲ; ಅಲರ್ಜಿಯೇ ಇಲ್ಲದ ವಸ್ತುವಿನ ಹಿಂದೆ ಬಿದ್ದು ದಣಿಯುವುದೂ ಬೇಡ.

ಹಾಸಿಗೆ

ಇಲ್ಲಿ ಶತ್ರು ಧೂಳಿನ ನುಸಿ. ತೆಂಗಿನ ನುಸಿ ರೋಗ ಕಂಡ ನಮ್ಮ ಕಡೆಯವರಿಗೆ ಈ ಹೆಸರು ಹೊಸದಲ್ಲ. ಇದು ಅದರ ದೂರದ ನೆಂಟ. ಮಿಲಿಮೀಟರಿನ ಕಾಲು ಭಾಗದಷ್ಟಿರುತ್ತದೆ, ಕಣ್ಣಿಗೆ ಬೀಳುವುದಿಲ್ಲ, ಕಚ್ಚುವುದಿಲ್ಲ. ನಮ್ಮ ಮೈಯಿಂದ ಉದುರುವ ಚರ್ಮದ ಹೊಟ್ಟು ತಿಂದು ಬದುಕುತ್ತದೆ, ಗಾಳಿಯಲ್ಲಿರುವ ತೇವವನ್ನೇ ಹೀರಿಕೊಳ್ಳುತ್ತದೆ. ಅಲರ್ಜಿ ತರುವುದು ಮುಖ್ಯವಾಗಿ ಅದರ ಹಿಕ್ಕೆ. ಒಂದು ನುಸಿ ದಿನಕ್ಕೆ ಸುಮಾರು 20 ಹಿಕ್ಕೆ ಹಾಕುತ್ತದೆ, ನುಸಿ ಸತ್ತ ಮೇಲೂ ಆ ಹಿಕ್ಕೆ ಬಟ್ಟೆಯಲ್ಲೇ ಉಳಿಯುತ್ತದೆ. ಆದ್ದರಿಂದ ಕೊಲ್ಲುವುದು ಅರ್ಧ ಕೆಲಸ. ತೊಳೆದು ತೆಗೆಯುವುದು ಇನ್ನರ್ಧ.

ಗಾದಿ ಮತ್ತು ತಲೆದಿಂಬಿಗೆ ಪೂರ್ತಿ ಸುತ್ತುವ, ಜಿಪ್ ಇರುವ, ಒತ್ತಾಗಿ ನೇಯ್ದ ನುಸಿ ತಡೆಯುವ ಕವರ್ ಹಾಕಿ. ಮೇಲೆ ಮಾತ್ರ ಹೊದಿಸುವ ಕವರ್ ಬೇಡ. ಇಡೀ ಮನೆಗೆ ಕೊಳ್ಳುವ ಅಗತ್ಯವಿಲ್ಲ, ಮಗು ಮಲಗುವ ಮಂಚಕ್ಕೆ ಸಾಕು. ಆದರೆ ಅದೇ ಕೋಣೆಯಲ್ಲಿ ಅಮ್ಮನೋ ಅಜ್ಜಿಯೋ ಮಲಗುತ್ತಿದ್ದರೆ ಅವರ ಹಾಸಿಗೆಗೂ ಬೇಕು. ಈಗಲೇ ಖರ್ಚು ಮಾಡಲು ಆಗದಿದ್ದರೆ ತಲೆದಿಂಬಿನಿಂದ ಆರಂಭಿಸಿ. ಮೂಗಿಗೆ ಹತ್ತಿರವಿರುವುದು ಅದೇ. ಹಳೆಯ ಬೂರುಗದ ಹತ್ತಿಯ ದಿಂಬು, ಗಂಟುಗಟ್ಟಿದ ಹತ್ತಿ ಗಾದಿ ಇದ್ದರೆ ಮಗುವಿನ ಕೋಣೆಯಿಂದ ಆಚೆ ಇಡಿ. ಗಾದಿ ಹಿಂಜಿಸಿ ಮತ್ತೆ ತುಂಬಿಸುವ ಕೆಲಸ ಮನೆಯಂಗಳದಲ್ಲಿ ನಡೆಯುವುದಾದರೆ ಆ ದಿನ ಮಗು ಬೇರೆ ಕಡೆ ಇರಲಿ.

ಹಾಸುವ ಬಟ್ಟೆ, ಹೊದೆಯುವ ಬಟ್ಟೆ, ದಿಂಬಿನ ಚೀಲ ಇವು ವಾರಕ್ಕೊಮ್ಮೆ ಬಿಸಿನೀರಿಗೆ ಬೀಳಬೇಕು. ನುಸಿ ಸಾಯಲು ನೀರು ಸುಮಾರು 60 ಡಿಗ್ರಿ ಇರಬೇಕು, ಎಂದರೆ ಕೈ ಇಡಲಾಗದಷ್ಟು ಬಿಸಿ. ಹೀಟರ್ ಇರುವ ಯಂತ್ರವಾದರೆ 60ಕ್ಕೆ ತಿರುಗಿಸಿದರಾಯಿತು. ನಮ್ಮ ಯಂತ್ರದಲ್ಲಿ ಅದಿಲ್ಲ. ಹಂಡೆಯಲ್ಲಿ ಕಾಯಿಸಿದ ನೀರನ್ನು ದೊಡ್ಡ ಬಕೆಟ್‌ಗೆ ಸುರಿದು, ಬಟ್ಟೆ ಮುಳುಗಿಸಿ, ಮುಚ್ಚಿ ಅರ್ಧ ಗಂಟೆ ಬಿಟ್ಟು ಆಮೇಲೆ ಯಂತ್ರಕ್ಕೆ ಹಾಕುತ್ತೇನೆ. ಬಕೆಟ್ ಇರುವ ಬಚ್ಚಲ ಬಾಗಿಲಿಗೆ ಅಷ್ಟು ಹೊತ್ತು ಚಿಲಕ, ಮಕ್ಕಳಿರುವ ಮನೆ. ಬಿಸಿನೀರು ಸಿಗದ ವಾರ ತಣ್ಣೀರಿನಲ್ಲೇ ಒಗೆಯಿರಿ. ನುಸಿಗಳಲ್ಲಿ ಬಹಳಷ್ಟು ಉಳಿಯಬಹುದು, ಹಿಕ್ಕೆಯಾದರೂ ಬಹುಪಾಲು ಹೋಗುತ್ತದೆ.

ಇನ್ನು ಕೌದಿ, ಕಂಬಳಿ. ಕೌದಿಯಲ್ಲಿ ಅಜ್ಜಿಯ ಸೀರೆ ಇರುತ್ತದೆ, ಚಳ್ಳಕೆರೆಯ ಕಂಬಳಿಯಲ್ಲಿ ಚಳಿಗಾಲದ ನೆನಪಿರುತ್ತದೆ. ಎಸೆಯಿರಿ ಎಂದು ನಾನು ಯಾರಿಗೂ ಹೇಳುವುದಿಲ್ಲ. ಆದರೆ ಆರೇಳು ಪದರದ ಕೌದಿಯೊಳಗೆ ಬಿಸಿನೀರು ನಿಲ್ಲುವುದೂ ಕಷ್ಟ, ಅದು ಒಣಗುವುದೂ ಕಷ್ಟ. ಅಲರ್ಜಿ ಇರುವ ಮಗುವಿನ ಹೊದಿಕೆ ವಾರಕ್ಕೊಮ್ಮೆ ಒಗೆಯುವಂಥದ್ದಾಗಿರಬೇಕು. ಸೋಲಾಪುರದ ಹತ್ತಿ ಚಾದರ ಎರಡಿದ್ದರೆ ಸಾಕು. ಚಳಿ ಹೆಚ್ಚಾದರೆ ಎರಡನ್ನೂ ಹೊದಿಸಿ. ಅತ್ತೆಯ ಕೌದಿ ಈಗ ಅವರ ಕೋಣೆಯಲ್ಲಿದೆ. ಮಡಚುವುದು ಮಗಳು ಶಾಲೆಗೆ ಹೋದ ಮೇಲೆ, ಅದೂ ಮಾಳಿಗೆಯ ಮೇಲೆ. ಇದನ್ನು ನಾನು ಹೇಳಿದಾಗ ಅವರಿಗೆ ನೋವಾಯಿತು. ಬಿಸಿಲಿನ ಕೋಲಿನಲ್ಲಿ ಆ ಧೂಳನ್ನು ಅವರಿಗೇ ಒಮ್ಮೆ ತೋರಿಸಿದ ಮೇಲೆ ಎರಡನೇ ಮಾತಿಲ್ಲದೆ ಒಪ್ಪಿದರು.

ಬಿಸಿಲು ನಮ್ಮ ಜಿಲ್ಲೆಗೆ ದೇವರು ಕೊಟ್ಟ ಔಷಧ. ಬೇಸಿಗೆಯಲ್ಲಿ ಕಾಂಕ್ರೀಟ್ ಮಾಳಿಗೆಯ ಮೇಲೆ ಗಾದಿಯನ್ನು ಹಗಲು ಪೂರ್ತಿ ಹರವಿ, ಮಧ್ಯಾಹ್ನ ಮಗ್ಗುಲು ಬದಲಿಸಿದರೆ ನುಸಿಗಳು ಒಣಗಿ ಸಾಯುತ್ತವೆ. ಆಮೇಲೆ ಅಲ್ಲೇ ಕೋಲಿನಿಂದ ಚೆನ್ನಾಗಿ ಬಡಿದು ಕೆಳಗೆ ತನ್ನಿ. ಮಳೆ ನಿಂತು ಪಾರ್ಥೇನಿಯಂ ಕಳೆ ಹೂಬಿಡುವ ತಿಂಗಳುಗಳಲ್ಲಿ, ಪರಾಗದ ಅಲರ್ಜಿ ಇರುವ ಮಗುವಿನ ಬಟ್ಟೆಯನ್ನು ಮಾತ್ರ ಹೊರಗೆ ಹರವಬೇಡಿ.

ಗೊಂಬೆಗಳ ಕಥೆಯೂ ಇದೇ. ಮೃದುವಾದ ಗೊಂಬೆ ಒಂದೋ ಎರಡೋ ಇರಲಿ. ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಫ್ರಿಜ್ಜಿನ ಫ್ರೀಜರ್‌ನಲ್ಲಿ ಒಂದು ದಿನ ಒಂದು ರಾತ್ರಿ ಇಟ್ಟು, ತೆಗೆದು ಒಗೆಯಿರಿ. ತಿಂಗಳಿಗೊಮ್ಮೆ ಸಾಕು. ನನ್ನ ಮಗಳು ತನ್ನ ಕರಡಿಗೆ ಅಲ್ಲಿ ಚಳಿಯಾಗುತ್ತದೆ ಎಂದು ಮೊದಲ ಸಲ ಅತ್ತಳು. ಕರಡಿಗಳಿಗೆ ಚಳಿ ಇಷ್ಟ ಎಂದು ಅವಳ ಅಪ್ಪ ಸಮಾಧಾನ ಮಾಡಬೇಕಾಯಿತು.

ಕಸ ಹೊಡೆಯುವ ಬಗೆ ಬದಲಿಸಿ

ನುಸಿಯ ಹಿಕ್ಕೆ ಭಾರ. ಗಾಳಿಯಲ್ಲಿ ಬಹಳ ಹೊತ್ತು ನಿಲ್ಲುವುದಿಲ್ಲ, ಅರ್ಧ ಗಂಟೆಯೊಳಗೆ ಬಹುಪಾಲು ಕೆಳಗೆ ಕೂರುತ್ತದೆ. ಒಣ ಪೊರಕೆಯಿಂದ ಗುಡಿಸಿದಾಗ ಕೂತದ್ದನ್ನು ಮತ್ತೆ ಎಬ್ಬಿಸುತ್ತೇವೆ, ಅಷ್ಟೇ. ಮಗುವಿನ ಕೋಣೆಗೆ ಪೊರಕೆ ಬೇಡ. ಒದ್ದೆ ಬಟ್ಟೆಯಿಂದ ಒರೆಸಿ, ವಾರಕ್ಕೆ ಎರಡು ಮೂರು ಸಲವಾದರೂ. ಮೇಲಿನಿಂದ ಕೆಳಕ್ಕೆ ಬನ್ನಿ: ಫ್ಯಾನ್, ಬೀರುವಿನ ತಲೆ, ಕಿಟಕಿಯ ಸರಳು, ಮಂಚದ ಅಡಿ, ಕೊನೆಗೆ ನೆಲ.

ಫ್ಯಾನಿಗೆ ಒಂದು ಉಪಾಯವಿದೆ. ಹಳೆಯ ದಿಂಬಿನ ಚೀಲವನ್ನು ಸ್ವಲ್ಪ ಒದ್ದೆ ಮಾಡಿ ರೆಕ್ಕೆಗೆ ಪೂರ್ತಿ ತೊಡಿಸಿ, ಎರಡು ಕೈಯಿಂದ ಮೇಲೂ ಕೆಳಗೂ ಒತ್ತಿ ಹಿಡಿದು ನಿಧಾನವಾಗಿ ನಿಮ್ಮತ್ತ ಎಳೆಯಿರಿ. ಹಾಸಿಗೆಯ ಮೇಲೆ ಒಂದು ಕಾಳಿನಷ್ಟೂ ಉದುರುವುದಿಲ್ಲ, ಎಲ್ಲ ಚೀಲದೊಳಗೆ. ಮೊದಲ ಸಲ ಆ ಚೀಲವನ್ನು ಬೋರಲು ಹಾಕಿದಾಗ ಬಿದ್ದ ಕಪ್ಪು ಅಂಟು ಧೂಳಿನ ರಾಶಿ ನೋಡಿ ನನಗೆ ಹೊಟ್ಟೆಯಲ್ಲಿ ಸಂಕಟವಾಯಿತು. ಬೇಸಿಗೆಯ ಮೊದಲ ದಿನ ನಾವು ಫ್ಯಾನ್ ಹಾಕುತ್ತಿದ್ದದ್ದು ಅದನ್ನು ಹೊತ್ತುಕೊಂಡೇ.

ಒರೆಸುವಾಗ ಮಗು ಕೋಣೆಯಲ್ಲಿ ಇರಬಾರದು, ಮುಗಿದ ಮೇಲೂ ಒಂದು ಗಂಟೆ ಬರಬಾರದು. ಯುಗಾದಿ, ದಸರೆಗೆ ಮನೆ ಸಾರಿಸಿ ಸುಣ್ಣಬಣ್ಣ ಮಾಡುವ ದಿನಗಳಲ್ಲಿ ಮಗುವನ್ನು ಚಿಕ್ಕಮ್ಮನ ಮನೆಗೋ ಅತ್ತೆಯ ಮನೆಗೋ ಕಳುಹಿಸಿ. ಬಣ್ಣದ ವಾಸನೆ ಆರುವವರೆಗೆ ಅಲ್ಲೇ ಮಲಗಲಿ. ಜೋಳ, ರಾಗಿ, ಅಕ್ಕಿ ಹಸನು ಮಾಡುವುದು ಅಂಗಳದಲ್ಲಿ ನಡೆಯಲಿ. ಕಾಳಿನ ಧೂಳಿನಲ್ಲೂ ಬೇರೆ ಜಾತಿಯ ನುಸಿಗಳಿರುತ್ತವೆ. ಮೆಕ್ಕೆಜೋಳ ಒಕ್ಕುವ ಕಣಕ್ಕೆ ಈ ಮಕ್ಕಳನ್ನು ಕರೆದೊಯ್ಯಬೇಡಿ.

ಪರದೆಗಳು ತೆಳುವಾದ ಹತ್ತಿಯವಾಗಿರಲಿ, ತಿಂಗಳಿಗೊಮ್ಮೆ ಒಗೆಯಿರಿ. ಜಮಖಾನೆ, ಕಾರ್ಪೆಟ್ ಮಗುವಿನ ಕೋಣೆಯಲ್ಲಿ ಬೇಡವೇ ಬೇಡ.

ತೇವ ಮತ್ತು ಬೂಷ್ಟು

ಗಾಳಿಯ ತೇವಾಂಶ ಶೇಕಡಾ 50ಕ್ಕಿಂತ ಕೆಳಗಿದ್ದರೆ ನುಸಿ ಬದುಕುವುದು ಕಷ್ಟ. ವರ್ಷದ ಬಹುಭಾಗ ಒಣಗಿರುವ ದಾವಣಗೆರೆ, ಚಿತ್ರದುರ್ಗಕ್ಕೆ ಇದು ಅನುಕೂಲ. ಆದರೆ ನಾವೇ ಬೇಸಿಗೆಯಲ್ಲಿ ನೀರಿನ ಕೂಲರ್ ಹಚ್ಚಿ, ಕಿಟಕಿ ಮುಚ್ಚಿ, ಕೋಣೆಯನ್ನು ಮಳೆಗಾಲ ಮಾಡುತ್ತೇವೆ. ಕೂಲರಿನ ಒದ್ದೆ ಹುಲ್ಲಿನ ಪ್ಯಾಡ್‌ನಲ್ಲಿ ಬೂಷ್ಟು ಬೆಳೆದರೆ ಅದರ ಬೀಜಕಣಗಳು ನೇರ ಮಗುವಿನ ಮುಖಕ್ಕೆ. ಕೂಲರ್ ಬೇಕೇ ಬೇಕೆಂದರೆ ಕಿಟಕಿ ತೆರೆದಿಡಿ, ನೀರನ್ನು ಪ್ರತಿದಿನ ಬದಲಿಸಿ, ಪ್ಯಾಡನ್ನು ಪ್ರತಿ ಬೇಸಿಗೆಗೆ ಹೊಸದು ಹಾಕಿ. ಕೆಲವು ನೂರು ರೂಪಾಯಿಗೆ ತೇವಾಂಶ ತೋರಿಸುವ ಪುಟ್ಟ ಯಂತ್ರ ಸಿಗುತ್ತದೆ; ನಾನು ಕೊಂಡ ವಸ್ತುಗಳಲ್ಲಿ ಹೆಚ್ಚು ಉಪಯೋಗಕ್ಕೆ ಬಂದದ್ದು ಅದೇ. ಒದ್ದೆ ಬಟ್ಟೆಯನ್ನು ಮಲಗುವ ಕೋಣೆಯಲ್ಲಿ ಹರವುವುದನ್ನು ಅದನ್ನು ನೋಡಿದ ಮೇಲೆ ನಿಲ್ಲಿಸಿದೆ.

ಗೋಡೆಯಲ್ಲಿ ಕಪ್ಪು ಹಸಿರು ಕಲೆ ಕಂಡರೆ ಅದರ ಮೇಲೆ ಬಣ್ಣ ಬಳಿಯಬೇಡಿ. ಬೂಷ್ಟು ಬಣ್ಣವನ್ನೂ ತಳ್ಳಿಕೊಂಡು ಬರುತ್ತದೆ. ನೀರು ಎಲ್ಲಿಂದ ಬರುತ್ತಿದೆ ಎಂದು ಹುಡುಕಿ: ಬಚ್ಚಲ ಪೈಪೇ, ಮಾಳಿಗೆಯ ಬಿರುಕೇ. ಅದನ್ನು ಮುಚ್ಚಿಸಿದ ಮೇಲೆ ಸೋಪಿನ ನೀರು ಹಾಕಿ ಬ್ರಷ್‌ನಿಂದ ಉಜ್ಜಿ, ಪೂರ್ತಿ ಒಣಗಿಸಿ. ನೀವು ಮುಖಕ್ಕೆ ಮಾಸ್ಕ್ ಕಟ್ಟಿಕೊಳ್ಳಿ. ಬ್ಲೀಚಿಂಗ್ ಪುಡಿ ಬಳಸುವುದಾದರೆ ಅದರ ಜೊತೆ ಕಕ್ಕಸು ತೊಳೆಯುವ ಆಸಿಡ್ ಸೇರಿಸಲೇಬೇಡಿ. ಎರಡೂ ಸೇರಿದರೆ ವಿಷಗಾಳಿ ಏಳುತ್ತದೆ.

ಅಡುಗೆಮನೆಯ ಜಿರಳೆ

ಜಿರಳೆಯ ಹಿಕ್ಕೆ, ಎಂಜಲು, ಉದುರಿದ ಸಿಪ್ಪೆ ಮೂರೂ ಅಲರ್ಜಿ ತರುತ್ತವೆ, ಆಸ್ತಮಾವನ್ನು ಕೆರಳಿಸುತ್ತವೆ. ಸ್ಪ್ರೇ ಹೊಡೆಯಬೇಡಿ, ಅದರ ಘಾಟಿಗೇ ಮಗುವಿಗೆ ಉಬ್ಬಸ ಬರಬಹುದು. ಜಿರಳೆಗೆ ಇಡುವ ಜೆಲ್ ಸಿಗುತ್ತದೆ. ಅದನ್ನು ಅಕ್ಕಿ ಕಾಳಿನಷ್ಟು ಮಾತ್ರ, ಮಗುವಿನ ಕೈಗೆ ಎಟುಕದ ಸಂದುಗಳಲ್ಲಿ ಇಡಿ: ಸಿಂಕಿನ ಕೆಳಗಿನ ಮೂಲೆ, ಬೆಚ್ಚಗಿರುವ ಫ್ರಿಜ್ಜಿನ ಹಿಂಬದಿ, ಕಪಾಟಿನ ತಿರುಗಣಿ. ಜೆಲ್ ಇಟ್ಟ ಕಡೆ ಸ್ಪ್ರೇ ಹೊಡೆದರೆ ಜಿರಳೆ ಆ ಕಡೆ ಸುಳಿಯುವುದೇ ಇಲ್ಲ, ಹಣ ದಂಡ.

ರಾತ್ರಿ ಮುಸುರೆ ಪಾತ್ರೆ ಬಿಡಬೇಡಿ, ಸಿಂಕನ್ನು ಒಣಗಿಸಿ ಮಲಗಿ, ಬಚ್ಚಲ ಕಿಂಡಿಗೆ ಜಾಲರಿ ಹಾಕಿ. ಮಂಡಕ್ಕಿ ಚೀಲವನ್ನು ಬಾಯಿ ತೆರೆದು ಮೂಲೆಯಲ್ಲಿ ಒರಗಿಸುವುದು ನಮ್ಮೂರ ರೂಢಿ. ಅದನ್ನು ಮುಚ್ಚಳದ ಡಬ್ಬಿಗೆ ಸುರಿಯಿರಿ. ಕಿರಾಣಿ ಸಾಮಾನು ಬಂದ ರಟ್ಟಿನ ಪೆಟ್ಟಿಗೆಯನ್ನು ಅಂದೇ ಆಚೆ ಹಾಕಿ, ಜಿರಳೆಯ ಮೊಟ್ಟೆ ಅದರಲ್ಲೇ ಮನೆಗೆ ಬರುತ್ತದೆ. ಜಿರಳೆ ಕಡಿಮೆಯಾದ ಮೇಲೆ ಕಪಾಟುಗಳನ್ನೆಲ್ಲ ಖಾಲಿ ಮಾಡಿ ಸೋಪಿನ ನೀರಿನಿಂದ ಒರೆಸಿ. ಈ ಕೊನೆಯ ಕೆಲಸವನ್ನು ಬಿಟ್ಟರೆ ಸತ್ತ ಜಿರಳೆಯೂ ಕಾಡುತ್ತದೆ.

ಹೊಗೆ, ಘಾಟು

ಊದಿನಕಡ್ಡಿ, ಧೂಪ, ಸೊಳ್ಳೆಬತ್ತಿ, ಬೀಡಿ ಇವು ಅಲರ್ಜಿಯ ಮೂಲವಲ್ಲ, ಆದರೆ ಈಗಾಗಲೇ ಊದಿಕೊಂಡ ಶ್ವಾಸನಾಳಕ್ಕೆ ಉಪ್ಪು ಸವರಿದಂತೆ. ಮನೆಯೊಳಗೆ ಬೀಡಿ, ಸಿಗರೇಟು ಕೂಡದು. ಇದರಲ್ಲಿ ಯಾರಿಗೂ ರಿಯಾಯಿತಿ ಇಲ್ಲ, ಹಿರಿಯರಿಗೂ. ಬಾಗಿಲಲ್ಲಿ ನಿಂತು ಸೇದಿದರೂ ಹೊಗೆ ಒಳಗೇ ಬರುತ್ತದೆ. ಪೂಜೆಗೆ ದೀಪ ಇರಲಿ. ನಮ್ಮ ಅತ್ತೆ ಈಗ ಊದಿನಕಡ್ಡಿಯನ್ನು ತುಳಸಿಕಟ್ಟೆಯ ಹತ್ತಿರ ಹಚ್ಚುತ್ತಾರೆ. ಸೊಳ್ಳೆಗೆ ಪರದೆ ಕಟ್ಟಿ. ಆ ಪರದೆಯೂ ಧೂಳು ಹಿಡಿಯುತ್ತದೆ, ಎರಡು ವಾರಕ್ಕೊಮ್ಮೆ ಒಗೆಯಿರಿ. ಒಣಮೆಣಸಿನಕಾಯಿ ಹುರಿಯುವ ದಿನ ಕಿಟಕಿ ತೆರೆದು, ಮಗುವನ್ನು ಹೊರಗೆ ಆಡಲು ಬಿಡಿ.

ಹೊರಗಿನಿಂದ ಬರುವುದು

ಪಾರ್ಥೇನಿಯಂ ಖಾಲಿ ನಿವೇಶನಗಳಲ್ಲೆಲ್ಲ ಇದೆ. ಮನೆಯ ಸುತ್ತಲಿನದನ್ನು ಹೂಬಿಡುವ ಮುಂಚೆಯೇ, ಮಳೆ ಬಿದ್ದು ನೆಲ ಮೆತ್ತಗಿರುವಾಗ, ಕೈಗವಸು ಹಾಕಿಕೊಂಡು ಬೇರುಸಹಿತ ಕೀಳಿ. ಅದು ಚರ್ಮಕ್ಕೂ ತುರಿಕೆ ತರುತ್ತದೆ. ಚಿತ್ರದುರ್ಗದ ಕಡೆ ಬಳ್ಳಾರಿ ಜಾಲಿಯ ಪರಾಗವೂ ಸೇರಿಕೊಳ್ಳುತ್ತದೆ. ಆಡಿ ಬಂದ ಮಗು ಮೊದಲು ಕೈಕಾಲು ಮುಖ ತೊಳೆದು, ಬಟ್ಟೆ ಬದಲಿಸಿ ಆಮೇಲೆ ಹಾಸಿಗೆ ಹತ್ತಲಿ. ಬೆಕ್ಕಿಗೆ ಅಲರ್ಜಿ ಎಂದು ಪರೀಕ್ಷೆಯಲ್ಲಿ ಬಂದರೆ ಬೆಕ್ಕನ್ನು ಬೇರೆ ಮನೆಗೆ ಕೊಡುವುದೇ ದಾರಿ. ಅದು ಹೋದ ಮೇಲೂ ಅದರ ಅಂಶ ಮನೆಯಲ್ಲಿ ತಿಂಗಳುಗಟ್ಟಲೆ ಉಳಿಯುತ್ತದೆ ಎಂಬುದು ನೆನಪಿರಲಿ.

ದುಡ್ಡು ಎಲ್ಲಿ ಉಳಿಸಬಹುದು

ಗಾಳಿ ಶುದ್ಧ ಮಾಡುವ ಯಂತ್ರ ಹೊಗೆ, ಪರಾಗ, ಬೆಕ್ಕಿನ ಅಲರ್ಜಿಗೆ ಸ್ವಲ್ಪ ನೆರವಾಗುತ್ತದೆ. ಹಾಸಿಗೆಯಲ್ಲಿ ಕೂತ ನುಸಿಯ ಹಿಕ್ಕೆಯನ್ನು ಅದು ಎಳೆದುಕೊಳ್ಳಲಾರದು. ಓಝೋನ್ ಬಿಡುವ ಯಂತ್ರವಂತೂ ಶ್ವಾಸಕೋಶಕ್ಕೆ ಕೇಡು. ಧೂಳಿಗೆ ಅಲರ್ಜಿ ಇರುವ ಮಗುವಿಗೆ ಮೊಸರು, ಬಾಳೆಹಣ್ಣು, ಬೆಣ್ಣೆದೋಸೆ ತಪ್ಪಿಸಿದರೆ ಮಗು ಸೊರಗುತ್ತದೆಯೇ ಹೊರತು ಸೀನು ನಿಲ್ಲುವುದಿಲ್ಲ. ನಾವು ಮಾಡಿದ ಆ ತಪ್ಪನ್ನು ನೀವು ಮಾಡಬೇಡಿ.

ಔಷಧ ನಿಲ್ಲಿಸಬೇಡಿ

ಮನೆ ಹಸನಾಯಿತೆಂದು ಇನ್‌ಹೇಲರ್ ಬಿಡಿಸಬೇಡಿ. ಅದು ಚಟವಾಗುತ್ತದೆ ಎಂಬ ಮಾತು ಸುಳ್ಳು. ಕಡಿಮೆ ಮಾಡುವುದಾದರೆ ವೈದ್ಯರೇ ಮಾಡಲಿ, ನಿಮ್ಮ ನೋಟ್‌ಬುಕ್ ನೋಡಿ. ಉಸಿರೆಳೆದಾಗ ಪಕ್ಕೆಲುಬಿನ ಸಂದುಗಳು ಒಳಗೆ ಹೋಗುತ್ತಿದ್ದರೆ, ಒಂದು ವಾಕ್ಯ ಪೂರ್ತಿ ಹೇಳಲು ಆಗದಿದ್ದರೆ, ತುಟಿ ನೀಲಿಯಾದರೆ ಮನೆಮದ್ದಿನಲ್ಲಿ ಹೊತ್ತು ಕಳೆಯಬೇಡಿ. ವೈದ್ಯರು ಹೇಳಿಕೊಟ್ಟ ಇನ್‌ಹೇಲರ್ ಕೊಡುತ್ತಲೇ 108ಕ್ಕೆ ಕರೆ ಮಾಡಿ ಅಥವಾ ಸಿಕ್ಕ ವಾಹನದಲ್ಲಿ ಆಸ್ಪತ್ರೆಗೆ ಓಡಿ.

ಈ ಬದಲಾವಣೆಗಳ ಫಲ ವಾರದಲ್ಲಿ ಕಾಣುವುದಿಲ್ಲ. ಮೂರು ತಿಂಗಳು ಕೊಡಿ, ನೋಟ್‌ಬುಕ್ ಬರೆಯುತ್ತಲೇ ಇರಿ. ನಮ್ಮ ಮನೆಯಲ್ಲಿ ಬೆಳಗಿನ ಸೀನು ಹನ್ನೆರಡರಿಂದ ಎರಡು ಮೂರಕ್ಕೆ ಇಳಿಯಲು ಸರಿಸುಮಾರು ಅಷ್ಟೇ ದಿನ ಹಿಡಿಯಿತು. ಇನ್‌ಹೇಲರ್ ಈಗಲೂ ಇದೆ.

ಊರಿಗೆ, ಜಾತ್ರೆಗೆ, ಮದುವೆಗೆ ಹೋಗುವಾಗ ಮಗುವಿನ ಕವರ್ ಹಾಕಿದ ದಿಂಬು, ಒಂದು ಹಾಸು, ಒಂದು ಚಾದರ ಮತ್ತು ಇನ್‌ಹೇಲರನ್ನು ಒಂದೇ ಚೀಲದಲ್ಲಿ ಕಟ್ಟಿಡಿ. ನಮ್ಮ ಮನೆಯಲ್ಲಿ ಆ ಚೀಲ ಬಾಗಿಲ ಹಿಂದಿನ ಮೊಳೆಗೆ ನೇತಾಡುತ್ತಿರುತ್ತದೆ. ಬಸ್ ಹತ್ತುವ ಮುಂಚೆ ಅದನ್ನು ನೆನಪಿಸುವವರು ಈಗ ನಮ್ಮ ಅತ್ತೆಯೇ.